ಏರಿವೀರನ ಬಣ್ಣ ಬಿಡಿಸಿದ ಕಿಷ್ಟವ್ವ

ಬಲು ಹಿಂದಿನ ಮಾತು. ಎಷ್ಟು ಹಿಂದೆ ಅಂತ ಕೇಳಬೇಡಿ. ಈಗ ನೆರಳು ಕೊಡುವ ಆಲದಮರಗಳೆಲ್ಲ ಆಗಿನ್ನೂ ಹಕ್ಕಿಯ ಹೊಟ್ಟೆಯೊಳಗೆ ಬೀಜವಾಗಿದ್ದವು ಅಂತಾರೆ. ಆ ಕಾಲಕ್ಕೆ ಹೊಂಬಳಕಟ್ಟಿ ಅಂತ ಒಂದು ಊರು. ಊರಿಗೊಂದು ಕೆರೆ, ಕೆರೆಗೊಂದು ಏರಿ, ಏರಿಯ ಬುಡಕ್ಕೆ ಚಿತ್ರಗಾರರ ಓಣಿ. ಆ ಓಣಿಯಲ್ಲಿ ಬಣ್ಣದ ಕಿಷ್ಟವ್ವ ಅಂತ ಒಬ್ಬಳಿದ್ದಳು. ಅವಳ ಮಾತು ಹೇಳುತ್ತೇನೆ ಕೇಳಿ.

ಆ ಸೀಮೆಯಲ್ಲಿ ದೇವರು ಎಷ್ಟು ಮಂದಿಯೋ ವೀರರೂ ಅಷ್ಟೇ ಮಂದಿ ಇದ್ದರು. ಗುಡ್ಡವನ್ನು ಹೆಗಲ ಮೇಲೆ ಹೊತ್ತು ನಿಂತು ದನಗಳಿಗೆ ನೆರಳು ಮಾಡಿದ ಗೂಳಪ್ಪ. ಓಡುವ ಗಾಳಿಯನ್ನು ಬೆನ್ನಟ್ಟಿ ಜುಟ್ಟು ಹಿಡಿದು ತಂದ ಜಂಬಣ್ಣ. ಬಣವೆಗೆ ಬಿದ್ದ ಬೆಂಕಿಯನ್ನು ಅಂಬಲಿ ಕುಡಿದ ಹಾಗೆ ಕುಡಿದುಬಿಟ್ಟ ಲಗುಮವ್ವ. ಇವರೆಲ್ಲರಿಗೂ ದೊಡ್ಡವನು ಏರಿವೀರ. ಕೆರೆಯ ಏರಿ ಬಿರುಕು ಬಿಟ್ಟ ದಿನ ತನ್ನ ಬೆನ್ನು ಕೊಟ್ಟು ನೀರು ತಡೆದವನು ಅವನು.

ಈ ವೀರರನ್ನು ಹಗುರ ಮರದಲ್ಲಿ ಕೆತ್ತಿ, ಹುಣಸೆಬೀಜದ ಅಂಟಿನಿಂದ ಕಣ್ಣು ಮೂಗು ಎಬ್ಬಿಸಿ, ಬಣ್ಣ ಬರೆದು ಕೊಡುವುದು ಚಿತ್ರಗಾರರ ಕಸುಬು. ಮನೆಮನೆಯ ಗೋಡೆಗೂಡಿನಲ್ಲೂ ಗೊಂಬೆ ವೀರರ ಸಾಲು. ಯಾರ ಮನೆಯ ಸಾಲು ತುಂಬಿದೆ, ಯಾರ ಮನೆಗೆ ಲಗುಮವ್ವ ಇನ್ನೂ ಬಂದಿಲ್ಲ ಅನ್ನುವುದು ಊರಿಗೆಲ್ಲ ಗೊತ್ತಿರುತ್ತಿತ್ತು. ಮಕ್ಕಳು ಇಬ್ಬರು ಜಂಬಣ್ಣರನ್ನು ಕೊಟ್ಟು ಒಬ್ಬ ಗೂಳಪ್ಪನನ್ನು ತರುತ್ತಿದ್ದರು. ಗಂಡಸರು ಬೀಗರ ಮನೆಗೆ ಹೋದರೆ ನೀರು ಕುಡಿಯುವ ಮೊದಲೇ ಗೂಡಿನ ಕಡೆಗೆ ಕಣ್ಣು ಹಾಯಿಸುತ್ತಿದ್ದರು. ಮದುವೆಯಾಗಿ ಹೋಗುವ ಹುಡುಗಿಯ ಗಂಟಿನಲ್ಲಿ ಒಬ್ಬ ವೀರ ಇರಲೇಬೇಕು. ಇಲ್ಲದಿದ್ದರೆ ಅವಳ ತವರು ಬಡತನದ್ದು ಅಂತ ಜನ ಅಂದುಕೊಳ್ಳುತ್ತಿದ್ದರು.

ವರ್ಷಕ್ಕೊಮ್ಮೆ ಬಿತ್ತನೆಗೆ ಮೊದಲು ವೀರರಿಗೆ ಹೊಸ ಬಣ್ಣ. ಹಳೆ ಬಣ್ಣದ ಮೇಲೇ ಹೊಸ ಬಣ್ಣ. ಹಳೆಯದನ್ನು ತೆಗೆಯುವಂತಿಲ್ಲ. ಬಣ್ಣ ಅಂದರೆ ವೀರನ ತೊಗಲು, ತೊಗಲು ಸುಲಿದರೆ ಅವನ ಕಸುವು ಹೋಗುತ್ತದೆ, ಸುಲಿದವರ ಮನೆ ಹಾಳಾಗುತ್ತದೆ ಅಂತ ಜನ ನಂಬಿದ್ದರು. ಹೀಗಾಗಿ ಏನಾಯಿತು? ವರ್ಷ ಕಳೆದ ಹಾಗೆಲ್ಲ ವೀರರು ದಪ್ಪಗಾದರು. ಮೂಗು ಕೆನ್ನೆಯಲ್ಲಿ ಮುಳುಗಿತು, ಬೆರಳು ಬೆರಳಿಗೆ ಅಂಟಿಕೊಂಡಿತು. ಗೂಳಪ್ಪನ ಗುಡ್ಡ ಯಾವುದು ತಲೆ ಯಾವುದು ತಿಳಿಯದಾಯಿತು.

ಕಿಷ್ಟವ್ವ ಆ ಓಣಿಗೆ ಸೊಸೆಯಾಗಿ ಬಂದವಳು. ಮಾವ ಗುರುಪಾದಪ್ಪ ಓಣಿಗೆಲ್ಲ ಹಿರಿಯ. ಗಂಡ ಯಮನಪ್ಪ ಮರ ಕೆತ್ತುವವನು, ಮಾತು ಕಡಿಮೆ. ಕಿಷ್ಟವ್ವನ ಕೈಯಲ್ಲಿ ಬಣ್ಣ ಕುಣಿಯುತ್ತಿತ್ತು ಅಂತಾರೆ. ಕಣ್ಣಿನ ಗೆರೆ ಎಳೆಯುವಾಗ ಬೇರೆಯವರು ಉಸಿರು ಹಿಡಿದು ಕೂರುತ್ತಿದ್ದರು. ಅವಳು ಪಕ್ಕದ ಮನೆಯವಳ ಜೊತೆ ನಗುನಗುತ್ತ ಮಾತಾಡುತ್ತಲೇ ಎಳೆದುಬಿಡುತ್ತಿದ್ದಳು. ತಗ್ಗಿ ನಡೆಯುವ ಹೆಂಗಸಲ್ಲ. ಯಾರಾದರೂ ಗೊಂಬೆ ಚೆನ್ನಾಗಿದೆ ಅಂದರೆ, ಹೌದು, ಚೆನ್ನಾಗೇ ಮಾಡಿದ್ದೇನೆ ಅನ್ನುತ್ತಿದ್ದಳಂತೆ.

ಒಂದು ದಿನ ಸಂಗವ್ವ ಅನ್ನುವ ಮುದುಕಿ ಮೊಮ್ಮಗಳ ಕೈ ಹಿಡಿದುಕೊಂಡು ಓಣಿಗೆ ಬಂದಳು. ಮೊಮ್ಮಗಳ ಮದುವೆ ಗೊತ್ತಾಗಿತ್ತು. ಗಂಟಿನಲ್ಲಿಡಲು ಮನೆಯ ಲಗುಮವ್ವನಿಗೆ ಹೊಸ ಬಣ್ಣ ಬೇಕಾಗಿತ್ತು. ಕಿಷ್ಟವ್ವ ಗೊಂಬೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಮುಂದು ಯಾವುದು ಹಿಂದು ಯಾವುದು ಗೊತ್ತಾಗಲಿಲ್ಲ.

"ಇಕಿ ಬೆಂಕಿ ಕುಡದಾಕಿ ಅಂತ ಹೆಂಗ ನಂಬಲಿ?" ಅಂದಳು ಮೊಮ್ಮಗಳು. "ಬಾಯೇ ಇಲ್ಲಲ್ಲ ಇಕಿಗೆ."

ಮುದುಕಿ ಗದರಿದಳು. ಕಿಷ್ಟವ್ವ ಮಾತ್ರ ಗೊಂಬೆಯನ್ನು ಕೆಳಗಿಡಲಿಲ್ಲ. ಹುಡುಗಿ ಅಂದದ್ದು ಖರೆ ಅನಿಸಿತು ಅವಳಿಗೆ. ಇನ್ನೊಂದು ಪದರ ಬಳಿದು ಕೊಡುವುದು ಸುಲಭ. ಆದರೆ ಬಾಯಿಲ್ಲದ ಲಗುಮವ್ವನನ್ನು ಹೊತ್ತುಕೊಂಡು ಗಂಡನ ಮನೆಗೆ ಹೋಗುವ ಹುಡುಗಿಗೆ ಅಲ್ಲಿ ಯಾರ ಬಲ? ಗೊಂಬೆ ಇಲ್ಲೇ ಇರಲಿ, ಮದುವೆಗೆ ಮೊದಲು ಬಂದು ಒಯ್ಯಿರಿ ಅಂದಳು.

ಮೊದಲು ತನ್ನ ಗೊಂಬೆಯ ಮೇಲೆ ಕೈ ನೋಡಿಕೊಳ್ಳಬೇಕು ಅಂದುಕೊಂಡಳು. ತವರಿನಿಂದ ತಂದ ಗೂಳಪ್ಪ ಒಬ್ಬ ಅವಳಲ್ಲಿದ್ದ. ಅವಳ ತಾಯಿ ಕೊಟ್ಟದ್ದು. ತಾಯಿ ಆಗ ತೀರಿಹೋಗಿದ್ದಳು. ಒಲೆಯ ಬೂದಿಯನ್ನು ನೀರಿಗೆ ಹಾಕಿ ಕದಡಿ, ತಿಳಿ ಬಸಿದು, ಅದರಲ್ಲಿ ಗೂಳಪ್ಪನನ್ನು ಮುಳುಗಿಸಿಟ್ಟಳು. ಬಣ್ಣ ಬಿಟ್ಟಿತು, ಬಿಟ್ಟಿತು, ಪದರ ಪದರವಾಗಿ ಸುಲಿದು ಬಂತು. ಅದರ ಜೊತೆಗೇ ಅಂಟಿನಲ್ಲಿ ಎಬ್ಬಿಸಿದ ಮೂಗೂ ಕರಗಿತು, ಕಣ್ಣೂ ಕರಗಿತು, ಹೆಗಲಿನ ಗುಡ್ಡ ಕಳಚಿ ತಳಕ್ಕೆ ಬಿತ್ತು. ಕೊನೆಗೆ ಅವಳ ಕೈಯಲ್ಲಿ ಉಳಿದದ್ದು ಒಂದು ಬೋಳು ಮರದ ತುಂಡು.

ಕಿಷ್ಟವ್ವ ಆ ತುಂಡನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿತ್ತಲಲ್ಲಿ ಕೂತು ಅತ್ತಳು. ಅವಳು ಅತ್ತದ್ದನ್ನು ಯಾರಾದರೂ ನೋಡಿದ್ದರೆ ಅದೊಂದೇ ಸಲ ಅಂತಾರೆ.

ಗುರುಪಾದಪ್ಪನಿಗೆ ವಿಷಯ ತಿಳಿಯಿತು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ವೀರನ ತೊಗಲು ಸುಲಿದಿ" ಅಂದವನು ಅವಳ ಕಡೆ ಬೆನ್ನು ತಿರುಗಿಸಿ ಕೂತ. ಅವತ್ತಿನಿಂದ ಅವಳ ಕೈಯ ನೀರು ಮುಟ್ಟಲಿಲ್ಲ, ಮಾತೂ ಆಡಲಿಲ್ಲ. ಓಣಿಯ ಹೆಂಗಸರು ಮಕ್ಕಳನ್ನು ಅವಳ ಅಂಗಳಕ್ಕೆ ಕಳಿಸುವುದು ಬಿಟ್ಟರು.

ಬೇರೆಯವಳಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದಳು. ಕಿಷ್ಟವ್ವ ಬೇರೆಯವಳಲ್ಲ. ತಪ್ಪಿದ್ದು ಎಲ್ಲಿ ಅಂತ ಅವಳು ಯೋಚಿಸಿದಳು. ಮುಳುಗಿಸಿದ್ದು ತಪ್ಪು. ಬಣ್ಣಕ್ಕೆ ಮಾತ್ರ ನೀರು ಮುಟ್ಟಬೇಕು, ಅಂಟಿಗೆ ಮುಟ್ಟಬಾರದು. ಬೂದಿನೀರಿಗೆ ಬಟ್ಟೆಯ ಕೊಳೆ ಬಿಡಿಸುವ ಸವಳುಮಣ್ಣು ಸೇರಿಸಿ ಗಟ್ಟಿ ಮಾಡಿದಳು. ಹಳೆ ಸೀರೆಯ ಚೂರನ್ನು ಅದರಲ್ಲಿ ಅದ್ದಿ, ಹಿಂಡಿ, ಲಗುಮವ್ವನ ಒಂದು ಕೈಗೆ ಮಾತ್ರ ಸುತ್ತಿದಳು. ಮೇಲಿನ ಪದರ ಮೆತ್ತಗಾದ ಕೂಡಲೇ ಬಟ್ಟೆ ಬಿಚ್ಚಿ, ಬಿದಿರಿನ ಸಣ್ಣ ಸೀಳಿನಿಂದ ಮೆಲ್ಲಗೆ ಎಬ್ಬಿಸಿದಳು. ಒಂದು ಪದರ ಹೋಯಿತು. ಒಣ ಬಟ್ಟೆಯಿಂದ ಒರೆಸಿ, ಔಡಲೆಣ್ಣೆ ಸವರಿ, ಆರಲು ಬಿಟ್ಟಳು. ಆಮೇಲೆ ಇನ್ನೊಂದು ಪದರ. ಹಾಗೇ ಕೈ, ಹಾಗೇ ಕಾಲು, ಹಾಗೇ ಸೊಂಟ. ಮುಖವನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಂಡಳು.

ಮದುವೆಗೆ ಮೊದಲು ಸಂಗವ್ವ ಬಂದಾಗ ಅಂಗಳದಲ್ಲಿ ಲಗುಮವ್ವ ನಿಂತಿದ್ದಳು. ಬಾಯಿ ತೆರೆದಿತ್ತು. ಬೆಂಕಿ ಕುಡಿಯುವವಳ ಬಾಯಿ ಹೇಗೆ ತೆರೆದಿರಬೇಕೋ ಹಾಗೆ ತೆರೆದಿತ್ತು. ಕೆನ್ನೆಯ ಮೇಲೆ ಸಣ್ಣದೊಂದು ಮಚ್ಚೆ. ಸಂಗವ್ವ ಆ ಮಚ್ಚೆ ನೋಡಿ ಗೊಂಬೆಯ ಮುಂದೆ ಕೂತಳು. ಅವಳು ಸಣ್ಣವಳಿದ್ದಾಗ ಈ ಮುಖ ನೋಡಿದ್ದಳಂತೆ. ಆ ಮಚ್ಚೆ ಇತ್ತು ಅಂತ ತಾನು ಹೇಳಿದರೆ ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲವಂತೆ.

"ಇಕಿ ಅಕಿನ ಅದಾಳವ್ವಾ" ಅಂತ ಮುದುಕಿ ಗೊಂಬೆಯ ಕೆನ್ನೆ ಸವರಿದಳು. "ನನ್ನ ಲಗುಮಿ ಅಕಿನ ಅದಾಳ."

ಮಾತು ಕೇಳಿ ಗುರುಪಾದಪ್ಪ ಒಳಗಿನಿಂದ ಎದ್ದು ಬಂದ. ಗೊಂಬೆಯನ್ನು ನೋಡಿದ. ಆ ಮಚ್ಚೆ ಇಟ್ಟ ಕೈ ಅವನ ತಾಯಿಯದು ಅಂತಾರೆ. ಅವಳು ಬರೆದ ಎಲ್ಲ ಗೊಂಬೆಗೂ ಹಾಗೊಂದು ಮಚ್ಚೆ ಇಡುತ್ತಿದ್ದಳಂತೆ. ತಾಯಿಯ ಕೆಲಸವನ್ನು ತಾನೇ ವರ್ಷ ವರ್ಷ ಬಣ್ಣ ಬಳಿದು ಮುಚ್ಚಿದ್ದೆ ಅನ್ನುವುದು ಆ ಮುದುಕನಿಗೆ ಆಗ ಹೊಳೆಯಿತು. ಒಳಗೆ ಹೋದ. ಅಳಿಲಿನ ಬಾಲದ ಕೂದಲು ಕಟ್ಟಿದ ತನ್ನ ಕುಂಚ ತಂದ. ಯಾರಿಗೂ ಮುಟ್ಟಲು ಬಿಡದ ಕುಂಚ ಅದು. ಸೊಸೆಯ ಮುಂದೆ ಅದನ್ನು ಇಟ್ಟು, "ಕಣ್ಣು ಇದರಾಗ ಬರಿ" ಅಂದ. ಆಮೇಲೆ ಅವಳ ಕೈಯಿಂದಲೇ ನೀರು ಇಸಿದುಕೊಂಡು ಕುಡಿದ.

ಅಲ್ಲಿಂದ ಮುಂದೆ ಕಿಷ್ಟವ್ವನ ಹೆಸರು ಗಾಳಿಯ ಬೆನ್ನೇರಿತು. ಸುತ್ತಲ ಊರುಗಳಿಂದ ಬುಟ್ಟಿ ತುಂಬಾ ವೀರರು ಬಂದರು. ಕುರುಡಾದ ಜಂಬಣ್ಣರು, ಕಿವುಡಾದ ಗೂಳಪ್ಪರು, ಊದಿಕೊಂಡ ಲಗುಮವ್ವರು. ಅವಳು ಬಿಡಿಸಿ ಬರೆದ ಜಂಬಣ್ಣನನ್ನು ಕಿಟಕಿಯಲ್ಲಿಟ್ಟರೆ ಬಿರುಗಾಳಿ ಮನೆಯನ್ನು ಸುತ್ತಿಕೊಂಡು ಹೋಗುತ್ತಿತ್ತು ಅಂತಾರೆ. ಅವಳು ಬರೆದ ಹುಲಿಯನ್ನು ನೋಡಿ ಎಮ್ಮೆ ಹಗ್ಗ ಹರಿದುಕೊಂಡಿತು ಅಂತಾರೆ. ವಾಡೆಯ ದೇಸಾಯಿಯೊಬ್ಬ ಗೋಡೆ ತುಂಬಾ ವೀರರನ್ನು ಕೂಡಿಟ್ಟಿದ್ದನಂತೆ. ಎಲ್ಲರಿಗೂ ನನ್ನ ಮೀಸೆ ಬರಿ ಅಂತ ಹೇಳಿ ಕಳಿಸಿದನಂತೆ. ಮೀಸೆ ಬರೆಯುತ್ತೇನೆ, ಆದರೆ ಮೊದಲು ದೇಸಾಯರು ಬಂದು ಗುಡ್ಡ ಎತ್ತಿ ತೋರಿಸಲಿ ಅಂತ ಇವಳು ಹೇಳಿ ಕಳಿಸಿದಳಂತೆ. ದೇಸಾಯಿ ನಕ್ಕು ಸುಮ್ಮನಾದ ಅಂತ ಕೆಲವರು, ಸಿಟ್ಟಿನಿಂದ ಮೀಸೆ ಬೋಳಿಸಿಕೊಂಡ ಅಂತ ಕೆಲವರು. ಯಾವುದು ಖರೆಯೋ ಬಲ್ಲವರಿಲ್ಲ. ಈಗ ಹೇಳುವುದು ಮಾತ್ರ ನಡೆದದ್ದು, ಮೂರು ಊರಿನವರು ಕಣ್ಣಾರೆ ನೋಡಿದ್ದು.

ಹೊಂಬಳಕಟ್ಟಿ ಕೆರೆಯ ನೀರಿಗೆ ಹಕ್ಕುದಾರರು ಪಕ್ಕದ ಎರಡು ಊರಿನವರು. ಒಂದು ಮೇಲ್‌ಹಟ್ಟಿ. ಅದರ ಮನೆಗಳು ಕೆರೆಯ ಮೇಲ್ದಂಡೆಗೆ, ಗದ್ದೆಗಳು ನೀರು ಬಿಡುವ ತೂಬಿನ ಬಾಯಿಗೇ. ಇನ್ನೊಂದು ಕೆಳಹಟ್ಟಿ. ಅದರ ಗದ್ದೆಗಳು ಕಾಲುವೆಯ ಕಟ್ಟಕಡೆಗೆ. ಮಳೆ ಚೆನ್ನಾಗಿ ಬಂದ ವರ್ಷ ಇಬ್ಬರೂ ಅಣ್ಣತಮ್ಮಂದಿರು. ಕೆರೆ ಅರ್ಧ ತುಂಬಿದ ವರ್ಷ ಒಬ್ಬರ ಮುಖ ಒಬ್ಬರು ನೋಡರು.

ಕೆರೆಯ ತೂಬಿನ ಮೇಲೆ ಒಂದು ಪುಟ್ಟ ಗುಡಿ. ಅದರೊಳಗೆ ಮೊಳದುದ್ದದ ಏರಿವೀರ. ಮನೆಮನೆಯ ಏರಿವೀರರಿಗೆಲ್ಲ ಅವನೇ ಮೂಲ, ಅವನನ್ನು ನೋಡಿಯೇ ಉಳಿದವರನ್ನು ಕೆತ್ತಿದ್ದು. ಒಂದು ವರ್ಷ ಮೇಲ್‌ಹಟ್ಟಿಯವರು ಅವನಿಗೆ ಹಳದಿ ಬಣ್ಣ ಬಳಿದು ಕೈಗೆ ಕುಡುಗೋಲು ಕೊಡುವುದು. ಮರುವರ್ಷ ಕೆಳಹಟ್ಟಿಯವರು ನೀಲಿ ಬಳಿದು ಈಟಿ ಕೊಡುವುದು. ವೀರ ನಮ್ಮವನು ಅಂತ ಇವರು, ನಮ್ಮವನು ಅಂತ ಅವರು. ವೀರ ಯಾರವನೋ ತೂಬಿನ ಕೀಲಿಕೈ ಅವರದು ಅನ್ನುವುದು ಹಳೆಯ ಮಾತು. ಅದನ್ನು ಇಬ್ಬರೂ ಒಪ್ಪಿದ್ದರು. ಯಾರವನು ಅನ್ನುವುದನ್ನು ಮಾತ್ರ ಒಪ್ಪಿರಲಿಲ್ಲ.

ಒಂದು ವರ್ಷ ಕೆರೆ ಮೊಣಕಾಲುಮಟ್ಟ ನಿಂತಿತು. ಮೇಲ್‌ಹಟ್ಟಿಯವರು ಕಾಲುವೆಗೆ ಕಲ್ಲು ಒಡ್ಡಿ ನೀರನ್ನೆಲ್ಲ ತಮ್ಮ ಗದ್ದೆಗೆ ತಿರುಗಿಸಿದರು. ಕೆಳಹಟ್ಟಿಯವರು ಬಂದು ಕಲ್ಲು ಕಿತ್ತರು. ಗುದ್ದಲಿಗೆ ಗುದ್ದಲಿ ತಾಗಿತು. ಕೆಳಹಟ್ಟಿಯ ಒಬ್ಬ ಯುವಕನ ತೋಳು ಮುರಿಯಿತು, ಮೇಲ್‌ಹಟ್ಟಿಯ ಒಬ್ಬನ ತಲೆ ಒಡೆಯಿತು. ಇನ್ನೊಂದು ಸಲ ಸೇರಿದರೆ ಹೆಣ ಬೀಳುವುದು ಖಂಡಿತ ಅಂತ ಎರಡೂ ಊರಿನ ತಾಯಂದಿರಿಗೆ ಗೊತ್ತಾಯಿತು. ಮೇಲ್‌ಹಟ್ಟಿಯ ಗೌಡ ಬಾಪುಗೌಡ, ಕೆಳಹಟ್ಟಿಯ ಗೌಡ ಹಂಪನಗೌಡ, ಇಬ್ಬರೂ ಹೊಂಬಳಕಟ್ಟಿಯ ಹುಣಸೆಮರದ ಕೆಳಗೆ ಪಂಚಾಯ್ತಿ ಕೂಡಿಸಿದರು. ಅಲ್ಲಿ ಯಾರೋ ಅಂದರು, ಏರಿವೀರನ ಬಣ್ಣ ಬಿಡಿಸಿ ನೋಡೋಣ, ತಳದ ಬಣ್ಣ ಯಾರದೋ ವೀರ ಅವರವನು ಅಂತ. ಬಿಡಿಸುವುದು ಕಿಷ್ಟವ್ವನೊಬ್ಬಳಿಗೇ ಸಾಧ್ಯ.

ಅವಳನ್ನು ಕರೆಸಿದರು. ಬಂದಳು. ನಿಂತೇ ಕೇಳಿದಳು. ಒಪ್ಪಿದಳು, ಆದರೆ ತನ್ನ ಮಾತೂ ಇಟ್ಟಳು.

"ಗುಡಿ ಮುಂದ, ಬಿಸಿಲಾಗ, ಎಲ್ಲಾರ ಕಣ್ಣೆದುರಿಗೆ ಬಿಡಸ್ತೀನ್ರೀ. ತಳದಾಗ ಯಾವ ಬಣ್ಣ ಬಂದ್ರೂ ಆ ಬಣ್ಣದವರಿಗೆ ಕೀಲಿಕೈ. ಹಂಗಲ್ಲ ಹಿಂಗ ಅನ್ನಂಗಿಲ್ಲ. ಒಪ್ಪಿಗಿದ್ರ ಇಬ್ರೂ ಗೌಡ್ರು ಈ ಮರ ಮುಟ್ರಿ."

ಇಬ್ಬರೂ ಮರ ಮುಟ್ಟಿದರು. ಇಬ್ಬರಿಗೂ ತಮ್ಮ ಬಣ್ಣವೇ ತಳದಲ್ಲಿದೆ ಅನ್ನುವ ಭರವಸೆ.

ಮನೆಗೆ ಹೋಗುವಷ್ಟರಲ್ಲಿ ಮೇಲ್‌ಹಟ್ಟಿಯಿಂದ ಒಂದು ರೇಷ್ಮೆ ಸೀರೆ ಬಂದಿತ್ತು. ಕೆಳಹಟ್ಟಿಯಿಂದ ಬಂದವನು ಏನೂ ತಂದಿರಲಿಲ್ಲ. ಚಿತ್ರಗಾರರ ಮನೆಗಳ ಚಾವಣಿಯೆಲ್ಲ ಹುಲ್ಲಿನದು, ಬೇಸಿಗೆ ಬೇರೆ, ಬೆಂಕಿಯ ಎಚ್ಚರ ಇರಲಿ ಅಂತಷ್ಟೇ ಹೇಳಿ ಹೋದ. ಕಿಷ್ಟವ್ವ ಸೀರೆಯನ್ನು ತಂದವನ ಹೆಗಲಿಗೇ ಹಾಕಿ ಕಳಿಸಿದಳು. ಆದರೆ ಅವಳಿಗೂ ಎದೆ ಹಗುರವಾಗಿರಲಿಲ್ಲ. ಹಳದಿ ಬಂದರೆ ಕೆಳಹಟ್ಟಿ ಒಣಗುತ್ತದೆ. ನೀಲಿ ಬಂದರೆ ಮೇಲ್‌ಹಟ್ಟಿ ಸುಮ್ಮನಿರುವುದಿಲ್ಲ. ಯಾವುದು ಬಂದರೂ ನೆತ್ತರಿಗೆ ದಾರಿ ಬಿಡಿಸಿದವಳು ತಾನಾಗುತ್ತೇನೆ ಅನ್ನಿಸಿತು. ಯಮನಪ್ಪ ಆವತ್ತು ಒಂದು ಮಾತಾಡಿದ. "ನೀ ಬಣ್ಣ ಹಚ್ಚಾಕ ಹೊಂಟಿಲ್ಲ, ತಗ್ಯಾಕ ಹೊಂಟಿ. ಇದ್ದದ್ದು ಕಾಣ್ತೈತಿ. ಅಂಜಬ್ಯಾಡ." ಬಿದಿರಿನ ಹೊಸ ಸೀಳುಗಳನ್ನು ಕೆತ್ತಿ ಕೊಟ್ಟ.

ಬೆಳಗಾಯಿತು. ಏರಿಯ ಮೇಲೆ ಜನ ಇರುವೆಯ ಹಾಗೆ ಕಪ್ಪಗೆ ಕೂತಿದ್ದರು. ಒಂದು ಕಡೆ ಮೇಲ್‌ಹಟ್ಟಿ, ಒಂದು ಕಡೆ ಕೆಳಹಟ್ಟಿ, ನಡುವೆ ಕಿಷ್ಟವ್ವ. ಏರಿವೀರನನ್ನು ಗುಡಿಯಿಂದ ತಂದು ಮಣೆಯ ಮೇಲೆ ನಿಲ್ಲಿಸಿದರು. ಅವಳು ಕೈ ಮುಗಿದಳು, ಸೆರಗು ಸೊಂಟಕ್ಕೆ ಸಿಗಿಸಿದಳು, ಒದ್ದೆ ಬಟ್ಟೆ ಸುತ್ತಿದಳು.

ಮೊದಲು ಬಂದದ್ದು ಹಳದಿ. ಮೇಲ್‌ಹಟ್ಟಿಯವರು ಕೇಕೆ ಹಾಕಿದರು. ಅದರ ಕೆಳಗೆ ನೀಲಿ. ಕೆಳಹಟ್ಟಿಯವರು ಕೇಕೆ ಹಾಕಿದರು. ಹಳದಿ, ನೀಲಿ, ಹಳದಿ, ನೀಲಿ. ಪದರ ಬಂದ ಹಾಗೆ ಅವಳು ಬಣ್ಣವನ್ನು ಕೂಗಿ ಹೇಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕೇಕೆ ನಿಂತಿತು. ಒಂದು ಹಳದಿ ಪದರದಲ್ಲಿ ಯಾರದೋ ಹೆಬ್ಬೆಟ್ಟಿನ ಗುರುತು ಇತ್ತು. ಒಬ್ಬ ಮುದುಕ ಎದ್ದು ಬಂದು ನೋಡಿ, ನಮ್ಮಪ್ಪನ ಹೆಬ್ಬೆಟ್ಟು ಹೀಗೇ ವಾರೆಯಾಗಿತ್ತು ಅಂದ. ಒಂದು ನೀಲಿಯಲ್ಲಿ ಒಡೆದ ಬಳೆಯ ಚೂರು ಅಂಟಿತ್ತು. ಕೆಳಹಟ್ಟಿಯ ಒಬ್ಬ ಹೆಂಗಸು, ಮಾರಿಬೇನೆ ಬಂದ ವರ್ಷ ನಮ್ಮತ್ತೆ ಹರಕೆಗೆ ಒಡೆದ ಬಳೆ ಇರಬೇಕು ಅಂದಳು. ಆ ಬೇನೆಯಲ್ಲಿ ಮೇಲ್‌ಹಟ್ಟಿಯೂ ಸತ್ತಿತ್ತು, ಕೆಳಹಟ್ಟಿಯೂ ಸತ್ತಿತ್ತು. ಗಂಟಲು ಹರಿಯುವ ಹಾಗೆ ಕೂಗುತ್ತಿದ್ದವರು ಈಗ ಮುಂದಕ್ಕೆ ಸರಿದು ಸರಿದು ಬಂದು, ಯಾವ ಊರಿನವರು ಎಲ್ಲಿ ಕೂತಿದ್ದೇವೆ ಅನ್ನುವುದನ್ನೇ ಮರೆತರು.

ಬಿಸಿಲು ಏರಿತು. ವೀರ ತೆಳ್ಳಗಾಗುತ್ತ ಬಂದ. ಆಗ ಅವನ ಕೈ ಬಿಡಿಸುವ ಸರದಿ ಬಂತು. ಕುಡುಗೋಲು ಕಳಚಿ ಬಂತು, ಅದರೊಳಗಿನ ಈಟಿ ಕಳಚಿ ಬಂತು, ಮತ್ತೆ ಕುಡುಗೋಲು, ಮತ್ತೆ ಈಟಿ. ಎಲ್ಲವೂ ಮೇಲಿಂದ ಮೆತ್ತಿದ ಅಂಟಿನವು. ಒಳಗಿನ ಮರದಲ್ಲಿ ಕೈ ಬರಿದಾಗಿತ್ತು. ಬೆರಳು ಅಗಲ ಬಿಚ್ಚಿ, ಅಂಗೈ ಹಿಂದಕ್ಕೆ ಒತ್ತಿಕೊಂಡಿತ್ತು. ಏರಿಗೆ ಬೆನ್ನು ಕೊಟ್ಟವನ ಕೈ ಇನ್ನು ಹೇಗಿರುತ್ತದೆ? ಅವನಿಗೆ ಆಯುಧ ಹಿಡಿಯಲು ಪುರುಸೊತ್ತೆಲ್ಲಿತ್ತು? ಜನ ಉಸಿರು ಬಿಟ್ಟದ್ದು ಗಾಳಿ ಬೀಸಿದ ಹಾಗೆ ಕೇಳಿಸಿತು ಅಂತಾರೆ.

ಕೊನೆಯ ನೀಲಿ ಹೋಯಿತು, ಕೊನೆಯ ಹಳದಿ ಹೋಯಿತು. ಕಿಷ್ಟವ್ವ ಬಣ್ಣ ಕೂಗಲಿಲ್ಲ. ಬಗ್ಗಿ ನೋಡಿದಳು. ಎಣ್ಣೆ ಸವರಿ ಮತ್ತೆ ನೋಡಿದಳು.

"ಯಾವ ಬಣ್ಣ ಹೇಳವಾ?" ಅಂದ ಬಾಪುಗೌಡ.

"ಕಾವಿ" ಅಂದಳು. "ಕಾವಿ ಮ್ಯಾಲ ಬಿಳಿ ಚುಕ್ಕಿ ಸಾಲು."

ಕಾವಿಯೂ ಬಿಳಿ ಚುಕ್ಕಿಯೂ ಮೇಲ್‌ಹಟ್ಟಿಯದಲ್ಲ, ಕೆಳಹಟ್ಟಿಯದೂ ಅಲ್ಲ. ಆ ಹೊತ್ತಿಗೆ ಗುರುಪಾದಪ್ಪ ಕೋಲೂರಿ ಎದ್ದು ನಿಂತ. ಮೇಲ್‌ಹಟ್ಟಿ ಇದೆ, ಕೆಳಹಟ್ಟಿ ಇದೆ, ನಡುಹಟ್ಟಿ ಎಲ್ಲಿ ಅಂತ ಯಾರಾದರೂ ಎಂದಾದರೂ ಕೇಳಿದ್ದೀರಾ ಅಂದ. ತನ್ನ ಅಜ್ಜಿ ಹೇಳುತ್ತಿದ್ದಳಂತೆ. ನಡುಹಟ್ಟಿ ಈ ಕೆರೆಯ ಅಡಿಯಲ್ಲಿದೆ. ಎರಡು ಊರಿನ ಗಂಟಲು ಒಣಗಿದಾಗ ನಡುಹಟ್ಟಿಯವರು ತಮ್ಮ ಹೊಲ ಮನೆ ಬಿಟ್ಟುಕೊಟ್ಟರು, ಅಲ್ಲಿ ಕೆರೆ ಕಟ್ಟಿದರು. ಹೊಲ ಹೋದವರು ಕೈಯ ಕಸುಬು ಹಿಡಿದರು. ಅವರೇ ಏರಿಯ ಬುಡದ ಚಿತ್ರಗಾರರು. ಅಜ್ಜಿಯ ಮಾತನ್ನು ಕಟ್ಟುಕತೆ ಅಂತ ತಾನು ಬಿಟ್ಟಿದ್ದೆ ಅಂದ. ಆದರೆ ತಮ್ಮ ಓಣಿಯ ಪ್ರತಿ ಹೊಸ್ತಿಲಿಗೂ ಕಾವಿ ಬಳಿದು ಬಿಳಿ ಚುಕ್ಕಿಯ ಸಾಲು ಇಡುತ್ತೇವೆ, ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ, ಈಗ ಗೊತ್ತಾಯಿತು ಅಂದ.

ಬಾಪುಗೌಡ ಎದ್ದು ನಿಂತ. ಮುಖ ಕೆಂಡವಾಗಿತ್ತು.

"ಕೈಚಳಕ ಇದು! ಬಣ್ಣದಾಕಿ ನಮ್ಮ ಕಣ್ಣಿಗೆ ಬಣ್ಣ ಹಚ್ಯಾಳ. ತನ್ನ ಮಂದಿ ಬಣ್ಣ ತಾನ ಹಚ್ಚಿ ತೋರ್ಸಾಕತ್ಯಾಳ!"

ಹೌದು ಹೌದು ಅಂದರು ಕೆಲವರು. ಕೆಳಹಟ್ಟಿಯವರೂ ದನಿಗೂಡಿಸಿದರು. ನೀರಿನ ವಿಷಯಕ್ಕೆ ಎಂದೂ ಕೂಡದ ಎರಡು ಊರು ಆ ಒಂದು ಮಾತಿಗೆ ಕೂಡಿದವು. ಕೋಲುಗಳು ಮೇಲೆದ್ದವು. ಯಮನಪ್ಪ ಓಡಿಬಂದು ಹೆಂಡತಿಯ ಮುಂದೆ ನಿಂತ. ಕಿಷ್ಟವ್ವ ಅವನನ್ನು ಪಕ್ಕಕ್ಕೆ ಸರಿಸಿದಳು. ಅವಳಿಗೆ ಅಂಜಿಕೆ ಇತ್ತು ಅಂತ ಆಮೇಲೆ ಅವಳೇ ಹೇಳಿದ್ದಳಂತೆ. ಆದರೆ ತನ್ನ ಕೈ ಮಾಡಿದ ಕೆಲಸದ ಬಗ್ಗೆ ಮಾತ್ರ ಅಂಜಿಕೆ ಇರಲಿಲ್ಲ.

"ಗೌಡ್ರ, ವೀರನ ಪಾದಾ ನಾ ಇನ್ನೂ ಮುಟ್ಟಿಲ್ಲ" ಅಂದಳು. "ಎಡಗಾಲು ನಿಮಗ, ಬಲಗಾಲು ಹಂಪನಗೌಡ್ರಿಗೆ. ಬಟ್ಟಿ ಐತಿ, ಬಿದಿರು ಐತಿ. ನಿಮ್ಮ ಕೈಯಾರೆ ಬಿಡಿಸ್ರಿ. ಬ್ಯಾರೆ ಬಣ್ಣ ಬಂದ್ರ ನನ್ನ ಕೈ ಕಡೀರಿ."

ಇಬ್ಬರು ಗೌಡರೂ ನೆಲಕ್ಕೆ ಕೂತರು. ಅವಳು ಹೇಳಿಕೊಟ್ಟಳು, ಒತ್ತಬೇಡಿ, ಎಬ್ಬಿಸಿ ಅಂತ. ಗುದ್ದಲಿ ಹಿಡಿಯುವ ಕೈಗಳು ಬಿದಿರಿನ ಸೀಳು ಹಿಡಿದವು. ಬಾಪುಗೌಡನ ಹಣೆಯ ಬೆವರು ವೀರನ ಪಾದದ ಮೇಲೆ ಬಿತ್ತು. ಒಂದೊಂದೇ ಪದರ ಹೋಗಿ, ಎಡಗಾಲಿನಲ್ಲಿ ಕಾವಿ ಬಂತು, ಬಿಳಿ ಚುಕ್ಕಿ ಬಂತು. ಬಲಗಾಲಿನಲ್ಲೂ ಬಂತು. ಹಂಪನಗೌಡ ಬಿದಿರು ಕೆಳಗಿಟ್ಟ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ನಡುವೆ ಒಲೆಗುಂಡುಗಳು, ಒಂದು ಬೀಸುಕಲ್ಲು ಕಂಡದ್ದನ್ನು ಅವನು ಚಿಕ್ಕಂದಿನಲ್ಲಿ ನೋಡಿದ್ದ. ಯಾರದು ಅಂತ ಕೇಳಿರಲಿಲ್ಲ.

ಹೊಟ್ಟೆಗೆ ಅನ್ನ ತಿನ್ನುವವರಿಗೆ ನಾಚಿಕೆಯಾಗುವುದು ಅಂಥ ಹೊತ್ತಿನಲ್ಲೇ. ಕೋಲುಗಳು ಕೆಳಗಿಳಿದವು.

ಕೀಲಿಕೈ ಈಗ ಚಿತ್ರಗಾರರದು. ಮರ ಮುಟ್ಟಿ ಆಣೆಯಾಗಿತ್ತು. ಅಲ್ಲಿಯವರೆಗೆ ಅದನ್ನು ಹಿಡಿದಿದ್ದ ಬಾಪುಗೌಡ ಸೊಂಟದಿಂದ ಬಿಚ್ಚಿ ಅವಳ ಮುಂದೆ ಇಟ್ಟ. ಅವಳು ದೊಡ್ಡ ಮನಸ್ಸು ಮಾಡಿ ವಾಪಸು ಕೊಡುತ್ತಾಳೆ, ನೀವೇ ಇಟ್ಟುಕೊಳ್ಳಿ ಧಣಿ ಅನ್ನುತ್ತಾಳೆ ಅಂತ ಅವನು ಅಂದುಕೊಂಡಿದ್ದ ಅಂತಾರೆ. ಕಿಷ್ಟವ್ವ ಕೀಲಿಕೈ ಎತ್ತಿಕೊಂಡಳು. ತಾಳಿಯ ಜೊತೆ ಕೊರಳಿಗೆ ಕಟ್ಟಿಕೊಂಡಳು.

"ಕೀಲಿಕೈ ನಮ್ಮ ಓಣ್ಯಾಗ ಇರ್ತೈತಿ" ಅಂದಳು. "ನಮಗ ಹೊಲ ಇಲ್ಲ, ಗದ್ದಿ ಇಲ್ಲ. ಯಾರ ಬೆಳಿ ಒಣಗಿದ್ರೂ ನಮಗ ಲಾಭ ಇಲ್ಲ. ಅದಕ್ಕ ನಮ್ಮ ಕೈಯಾಗಿದ್ರ ಚಲೋ. ನೀರು ಮೊದ್ಲ ತುದಿ ಗದ್ದಿಗೆ ಹೋಗ್ತೈತಿ. ತುದಿ ತೊಯ್ದ ಮ್ಯಾಲ ಬಾಯಾಗಿನ ಗದ್ದಿಗೆ. ಬಾಯಾಗಿದ್ದವರಿಗೆ ಹೆಂಗೂ ನೀರು ತಪ್ಪೂದಿಲ್ಲ."

ಮೇಲ್‌ಹಟ್ಟಿಯವರು ಗೊಣಗಿದರು. ಆದರೆ ಬಾಪುಗೌಡ ಕೈ ಎತ್ತಿ ಸುಮ್ಮನಿರಿಸಿದ. ಕೊಟ್ಟ ಮಾತು ಕೊಟ್ಟದ್ದೇ ಅಂದ. ಅವನು ಹಟಗಾರ, ಆದರೆ ಮಾತಿಗೆ ತಪ್ಪುವವನಲ್ಲ.

ಆ ವರ್ಷ ಕಿಷ್ಟವ್ವ ತಾನೇ ತೂಬು ತೆಗೆದಳು. ನೀರಿನ ಜೊತೆಗೇ ಕಾಲುವೆಯ ದಂಡೆ ಹಿಡಿದು ಕೊನೆಯ ಗದ್ದೆಯವರೆಗೆ ನಡೆದಳು. ತೋಳು ಮುರಿದ ಆ ಯುವಕ ಬದುವಿನ ಮೇಲೆ ಕಾಯುತ್ತಿದ್ದ. ನೀರು ಅವನ ಕಾಲಿಗೆ ತಾಗಿದಾಗ, ಬಗ್ಗಿ ಒಂದೇ ಕೈಯಲ್ಲಿ ಮೊಗೆದು ಮುಖಕ್ಕೆ ಹಾಕಿಕೊಂಡ. ಆ ವರ್ಷ ಎರಡೂ ಊರಿಗೆ ಅರ್ಧ ಬೆಳೆ ಬಂತು. ಅರ್ಧವೇ. ಆದರೆ ಎರಡೂ ಊರಿಗೆ ಬಂತು. ಯಾರ ಮನೆಯಲ್ಲೂ ಹೆಣ ಬೀಳಲಿಲ್ಲ.

ಏರಿವೀರನಿಗೆ ಹೊಸ ಬಣ್ಣ ಬರೆಯುವ ಕೆಲಸ ಇತ್ತಲ್ಲ. ಅದನ್ನೂ ಅವಳೇ ಮಾಡಿದಳು. ಮೈಗೆ ಕಾವಿ, ಸೊಂಟಕ್ಕೆ ಬಿಳಿ ಚುಕ್ಕಿಯ ಸಾಲು. ಕೈಗೆ ಆಯುಧ ಮೆತ್ತಲಿಲ್ಲ. ರುಮಾಲಿಗೆ ಒಂದಿಷ್ಟು ಹಳದಿ ಇರಲಿ ಅಂತ ಮೇಲ್‌ಹಟ್ಟಿಯವರು ಕೇಳಿದರು, ಇಟ್ಟಳು. ಧೋತರಕ್ಕೆ ನೀಲಿ ಅಂಚು ಕೇಳಿದರು ಕೆಳಹಟ್ಟಿಯವರು, ಎಳೆದಳು. ಅಷ್ಟಕ್ಕೆಲ್ಲ ಜಗಳವಾಡುವವಳಲ್ಲ. ಆದರೆ ಎರಡೂ ಅಂಗಾಲುಗಳನ್ನು ಮಾತ್ರ ಬಣ್ಣ ಹಚ್ಚದೆ ಬಿಟ್ಟಳು. ಮುಂದೆ ಯಾರಿಗಾದರೂ ಅನುಮಾನ ಬಂದರೆ ಅಡಿ ಎತ್ತಿ ನೋಡಲಿ, ಹಳೆಯದು ಅಲ್ಲಿ ಕಾಣಲಿ ಅಂದಳು. ಕಣ್ಣು ಬರೆಯುವ ಹೊತ್ತಿಗೆ ಎಂದಿನ ಹಾಗೆ ಮಾತಾಡುತ್ತಲೇ ಇದ್ದಳಂತೆ. ಕಣ್ಣು ಬರೆದ ಕೂಡಲೇ ಕೆರೆಯ ನೀರು ಒಂದು ಗೇಣು ಏರಿತು ಅಂತಾರೆ. ಮೋಡವೇ ಇರಲಿಲ್ಲ ಅಂತಾರೆ. ಅದನ್ನು ನಂಬುವವರು ನಂಬಲಿ.

ಕಿಷ್ಟವ್ವ ತುಂಬಾ ವರ್ಷ ಬಾಳಿದಳು. ತಾಯಿಯ ಗೂಳಪ್ಪನನ್ನು ಯಮನಪ್ಪ ಮತ್ತೆ ಕೆತ್ತಿಕೊಟ್ಟನೋ ಇಲ್ಲವೋ ಗೊತ್ತಿಲ್ಲ, ಕೆಲವರು ಕೊಟ್ಟ ಅಂತಾರೆ. ಕಣ್ಣು ಮಂಜಾದ ಮೇಲೂ ಬೆರಳಿನಿಂದ ಮುಟ್ಟಿಯೇ ಪದರದ ವಯಸ್ಸು ಹೇಳುತ್ತಿದ್ದಳು ಅಂತಾರೆ. ಅವಳು ಸತ್ತ ದಿನ ಮೂರೂ ಊರಿನವರು ಸಿದಿಗೆಗೆ ಹೆಗಲು ಕೊಡಲು ಮುಗಿಬಿದ್ದರಂತೆ. ಮನೆಯಿಂದ ಸುಡುಗಾಡಿಗೆ ದಾರಿ ಚಿಕ್ಕದು, ಎಲ್ಲರಿಗೂ ಹೆಗಲು ಸಿಗಲಿ ಅಂತ ಕೆರೆಯನ್ನು ಸುತ್ತು ಹಾಕಿ ಒಯ್ದರಂತೆ. ಕೀಲಿಕೈಯನ್ನು ಅವಳ ಸೊಸೆ ಕೊರಳಿಗೆ ಕಟ್ಟಿಕೊಂಡಳು, ಅವಳಿಂದ ಅವಳ ಸೊಸೆ.

ಈಗಲೂ ಆ ಕಡೆ ಹೋದರೆ ನೋಡಿ. ಬಿತ್ತನೆಗೆ ಮೊದಲು ಮನೆಮನೆಯಲ್ಲೂ ವೀರರನ್ನು ಗೂಡಿನಿಂದ ಇಳಿಸಿ ಹಳೆ ಬಣ್ಣ ಬಿಡಿಸುತ್ತಾರೆ. ಪದರ ಬಿಟ್ಟ ಹಾಗೆ ಹೆಂಗಸರು ಬಣ್ಣವನ್ನು ಕೂಗಿ ಹೇಳುತ್ತಾರೆ. ಅದನ್ನು ಬಳಿದವರ ಹೆಸರು ಗೊತ್ತಿದ್ದವರು ಹೆಸರು ಹೇಳುತ್ತಾರೆ, ಅವರ ಒಂದು ಮಾತು ನೆನೆಯುತ್ತಾರೆ. ಆಮೇಲೆ ಹೊಸ ಬಣ್ಣ. ಅಂಗಾಲಿಗೆ ಮಾತ್ರ ಹಚ್ಚುವುದಿಲ್ಲ. ಯಾಕೆ ಅಂದರೆ, ಅದು ಕಿಷ್ಟವ್ವನ ಪಾಲು ಅನ್ನುತ್ತಾರೆ. ಸಂತೆಯಲ್ಲಿ ವೀರರ ಗೊಂಬೆ ಕೊಳ್ಳಲು ಬಂದವರು ಮುಖ ನೋಡುವುದಿಲ್ಲ, ಕೈಗೆತ್ತಿಕೊಂಡು ಮೊದಲು ಬುಡಮೇಲು ಮಾಡುತ್ತಾರೆ. ಅಂಗಾಲಿಗೆ ಬಣ್ಣ ಬಳಿದಿದ್ದರೆ, ಅವನು ಎಷ್ಟೇ ದೊಡ್ಡ ವೀರನಾಗಿರಲಿ, ಇದ್ದಲ್ಲೇ ಇಟ್ಟು ಮುಂದಿನ ಅಂಗಡಿಗೆ ನಡೆಯುತ್ತಾರೆ.